ನಾಲ್ಕು ತಿಂಗಳ ಹಣ್ಣು, ಹನ್ನೆರಡು ತಿಂಗಳ ಬಡ್ಡಿ

ಫೆಬ್ರವರಿ ತಿಂಗಳ ಒಂದು ಭಾನುವಾರ ವರ್ತಕ ನಗರದ ನಮ್ಮ ಮನೆಗೆ ಯಾರೂ ಬರುವ ಹಾಗಿಲ್ಲ, ನಾವೂ ಎಲ್ಲಿಗೂ ಹೋಗುವ ಹಾಗಿಲ್ಲ. ಅದು ಸಾಸಿನ ದಿನ. ಬೆಳಿಗ್ಗೆ ಐದೂವರೆಗೆಲ್ಲ ನಾನು ಥಾಣೆ ಸ್ಟೇಷನ್ ಹತ್ತಿರದ ಜಾಂಭಳಿ ನಾಕಾ ಮಾರುಕಟ್ಟೆಗೆ ಹೋಗಿ ಒಂದು ಕ್ರೇಟು ಟೊಮೆಟೊ ತರುತ್ತೇನೆ. ಕ್ರೇಟು ಅಂದರೆ ಇಪ್ಪತ್ತು ಕಿಲೋ. ಹೆಚ್ಚಿನದು ಪುಣೆ ಜಿಲ್ಲೆಯ ನಾರಾಯಣಗಾಂವ್ ಕಡೆಯಿಂದ ಬಂದ ಹಣ್ಣು. ರಿಕ್ಷಾದವನು ಕ್ರೇಟನ್ನೂ ನನ್ನನ್ನೂ ನೋಡಿ, "ಕಾಯ್ ಕಾಕಾ, ಹಾಟೆಲ್ ಆಹೇ ಕಾ?" ಎಂದು ಕೇಳುತ್ತಾನೆ. ಮುಂಬಯಿ ಸೀಮೆಯಲ್ಲಿ ಕನ್ನಡದವನೆಂದು ತಿಳಿದ ಮೇಲೆ ಹೋಟೆಲಿನವನು ಎನ್ನುವುದು ಗ್ಯಾರಂಟಿ. ಹೌದಪ್ಪ, ಇಬ್ಬರೇ ಗಿರಾಕಿಗಳ ಹೋಟೆಲು ಎಂದು ನಾನೂ ನಗುತ್ತೇನೆ.

ನಾನು ಹೋಟೆಲಿನವನಲ್ಲ, ಬ್ಯಾಂಕಿನವನು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ 1983ರಲ್ಲಿ ಸಿಂಡಿಕೇಟ್ ಬ್ಯಾಂಕ್ ಸೇರಿದೆ. 2020ರ ಮಾರ್ಚ್ 31ರಂದು ನಿವೃತ್ತನಾದೆ. ಮರುದಿನ, ಏಪ್ರಿಲ್ ಒಂದರಂದು, ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾನು ಹೊರಟ ಮೇಲೆ ಬ್ಯಾಂಕು ಒಂದು ದಿನವೂ ತಡೆಯಲಿಲ್ಲ ನೋಡಿ ಎಂದು ಹೇಳಿ ಸ್ನೇಹಿತರನ್ನು ನಗಿಸುತ್ತೇನೆ. ಆಗ ಲಾಕ್‌ಡೌನ್. ಬೀಳ್ಕೊಡುಗೆಯ ಹಾರವೂ ಬೀಳಲಿಲ್ಲ.

ಊರು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ರಾಗಿ, ಹುರುಳಿ, ಹಿಪ್ಪುನೇರಳೆ ಬೆಳೆಯುತ್ತಿದ್ದರು. 1973ರಲ್ಲಿ ಬೆಂಗಳೂರಿನ ಇಂಡೋ ಅಮೆರಿಕನ್ ಕಂಪನಿ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊ ಬೀಜ ತಂದಿತ್ತು. ಆಮೇಲಾಮೇಲೆ ನಮ್ಮ ಕಡೆ ಒಬ್ಬರನ್ನು ನೋಡಿ ಒಬ್ಬರು ಟೊಮೆಟೊಗೆ ಇಳಿದರು. ನಮ್ಮಪ್ಪನೂ ಇಳಿದರು. ನಾನು ಕಾಲೇಜು ಮುಗಿಸುವಷ್ಟರಲ್ಲಿ ನಮ್ಮ ಮನೆ ಟೊಮೆಟೊ ಮನೆಯಾಗಿತ್ತು. ಫೀಸು ಕಟ್ಟಿದ್ದೂ ಅದೇ, ಒಂದೆರಡು ವರ್ಷ ಕಟ್ಟದ ಹಾಗೆ ಮಾಡಿದ್ದೂ ಅದೇ. ನನ್ನ ತಮ್ಮ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ತೋಟಕ್ಕೆ ನಿಂತ. ಅವನು ನಿಂತಿದ್ದರಿಂದ ನಾನು ಓದಿದೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮುಂಬಯಿಗೆ ವರ್ಗವಾಗಿ ಬಂದದ್ದು 1986ರಲ್ಲಿ. ವರ್ತಕ ನಗರಕ್ಕೆ ಬಂದದ್ದು 1991ರಲ್ಲಿ. ಆಗ ಇಲ್ಲಿ ಮ್ಹಾಡಾ, ಅಂದರೆ ಗೃಹನಿರ್ಮಾಣ ಮಂಡಳಿ ಕಟ್ಟಿದ ತಗ್ಗು ಕಟ್ಟಡಗಳ ಸಾಲು, ಪೊಲೀಸರ ವಸತಿ, ಸಾಯಿಬಾಬಾ ಮಂದಿರ, ಪೋಖರಣ್ ರಸ್ತೆಯ ಆಚೆ ರೇಮಂಡ್ ಗಿರಣಿ, ದೂರಕ್ಕೆ ಯೇವೂರಿನ ಗುಡ್ಡ. ಗುಡ್ಡ ಕಂಡರೆ ನಮ್ಮ ಅಂತರಗಂಗೆ ಬೆಟ್ಟದ ನೆನಪಾಗುತ್ತಿತ್ತು. ಮನೆ ಹಿಡಿಯಲು ಅದೂ ಒಂದು ಕಾರಣ. ಈಗ ಗಿರಣಿ ಇಲ್ಲ. ಆ ಜಾಗದಲ್ಲಿ ಎದ್ದಿರುವ ಎತ್ತರದ ಮನೆಗಳು ಗುಡ್ಡವನ್ನು ಅರ್ಧ ಮುಚ್ಚಿವೆ.

ಸಾಸ್ ಮಾಡುವುದನ್ನು ನಮಗೆ ಕಲಿಸಿದ್ದು ಎದುರು ಬಾಗಿಲಿನ ಮರಾಠಿ ಕಾಕು. ಕೇಂದ್ರ ಸರ್ಕಾರದ ಆಹಾರ ಮತ್ತು ಪೋಷಣ ಮಂಡಳಿಯವರು ಗೃಹಿಣಿಯರಿಗಾಗಿ ಹಣ್ಣು ತರಕಾರಿ ಸಂರಕ್ಷಣೆಯ ತರಬೇತಿ ನಡೆಸುತ್ತಿದ್ದರು. ಕಾಕು ಅದರಲ್ಲಿ ಪಾಸಾದವರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಸೋಡಾ ಬಾಟಲಿಗೆ ತಗಡಿನ ಬಿರಡೆ ಒತ್ತುವ ಕೈಯಂತ್ರವೊಂದು ಅವರ ಹತ್ತಿರ ಇತ್ತು. 1993ರ ಫೆಬ್ರವರಿಯಲ್ಲಿ ಟೊಮೆಟೊ ಬಿಟ್ಟಿಗೆ ಬಿದ್ದಾಗ ನನ್ನ ಹೆಂಡತಿಯನ್ನು ಕರೆದು, "ಬಾ, ಊರಿನ ಬೆಳೆ ಅಂತೀಯಲ್ಲ, ಅದನ್ನು ಇಟ್ಟುಕೊಳ್ಳೋದು ಹೇಗೆ ಅಂತ ಗೊತ್ತಿದೆಯಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ಟೊಮೆಟೊ ಬೆಳೆಯುವ ನಮ್ಮ ಮನೆಯಲ್ಲಿ ಅದನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟವರಿರಲಿಲ್ಲ. ಮಾರಿದರೆ ಮಾರಿದ್ದು, ಇಲ್ಲದಿದ್ದರೆ ತಿಪ್ಪೆಗೆ.

ಕಾಕುವಿನ ಜತೆ ಮಾಡಿದ ಸಾಸ್ ಚೆನ್ನಾಗಿತ್ತು. ಕೆಲವು ವಾರ ಬಿಟ್ಟು, ಕಲಿತೆವಲ್ಲ ಎಂಬ ಧೈರ್ಯದಲ್ಲಿ ನಾವಿಬ್ಬರೇ ಇನ್ನೊಂದು ಸಲ ಮಾಡಿದೆವು. ರಾತ್ರಿಯಾಯಿತೆಂದು ಸಾಸನ್ನು ಪಾತ್ರೆಯಲ್ಲೇ ಬಿಟ್ಟು, ಬೆಳಿಗ್ಗೆ ಆರಿದ ಮೇಲೆ ಬಾಟಲಿಗೆ ಹಾಕಿದೆವು. ಘಾಟು ಯಾಕೆಂದು ವಿನೆಗರ್ ಅರ್ಧ ಮಾಡಿದೆವು. ಬಾಟಲಿಗಳನ್ನು ಮತ್ತೆ ಕುದಿಸುವುದು ದಂಡದ ಕೆಲಸವೆಂದು ಕೈಬಿಟ್ಟೆವು. ಏಪ್ರಿಲ್ ಸೆಕೆಯ ಒಂದು ನಡುರಾತ್ರಿ ಅಡುಗೆಮನೆಯಲ್ಲಿ ಢಂ ಎಂದು ಸದ್ದಾಯಿತು. ಅದು ಯಾವ ಏಪ್ರಿಲ್ ಎಂದು ನೆನಪು ಮಾಡಿಕೊಳ್ಳಿ. ಮಾರ್ಚ್ 12ರಂದು ಮುಂಬಯಿಯಲ್ಲಿ ಸರಣಿ ಬಾಂಬ್ ಸ್ಫೋಟವಾಗಿ ತಿಂಗಳಷ್ಟೇ ಆಗಿತ್ತು. ಮೂರೂ ಮಹಡಿಯವರು ಮೆಟ್ಟಿಲ ಮೇಲೆ ಬಂದು ನಿಂತರು. ನೋಡಿದರೆ ಬಿರಡೆ ಹಾರಿ ಸೂರಿಗೆ ಬಡಿದಿದೆ, ಗೋಡೆ, ಕ್ಯಾಲೆಂಡರು, ಅಕ್ಕಿ ಡಬ್ಬ ಎಲ್ಲ ಕೆಂಪು. ಕಾಕು ಬಂದು ಬೆರಳಲ್ಲಿ ಮುಟ್ಟಿ ಮೂಸಿ, "ಹುಳಿ ಬಂದಿದೆ. ತಣ್ಣಗೆ ಮಾಡಿ ತುಂಬಿದಿರಾ?" ಎಂದಷ್ಟೇ ಕೇಳಿ ಬಾಗಿಲು ಹಾಕಿಕೊಂಡರು. ಉಳಿದ ಬಾಟಲಿಗಳನ್ನು ಗೋಣಿ ಮುಚ್ಚಿ ಹೊರಗೊಯ್ದು ಚೆಲ್ಲಿದೆವು. ಒಂದು ಹನಿಯನ್ನೂ ನಾಲಿಗೆಗೆ ಹಾಕಲಿಲ್ಲ.

ಅಂದಿನಿಂದ ಕಾಕು ಹೇಳಿದ್ದರಲ್ಲಿ ಒಂದಕ್ಷರ ಬಿಟ್ಟಿಲ್ಲ. ಊರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಕ್ರಮವನ್ನು ಬರೆಯುತ್ತೇನೆ. ಚೆನ್ನಾಗಿ ಕೆಂಪಾದ, ಕೊಳೆ ಇಲ್ಲದ ಹಣ್ಣು ಬೇಕು. ತೊಳೆದು ಹೆಚ್ಚಿ, ನೀರು ಹಾಕದೆ ಅದರ ರಸದಲ್ಲೇ ಬೇಯಿಸಿ, ಸ್ಟೀಲ್ ಜರಡಿಯಲ್ಲಿ ಉಜ್ಜಿ ಸೋಸಬೇಕು. ಕಬ್ಬಿಣದ ಪಾತ್ರೆ ಕೂಡದು, ಕಪ್ಪಾಗುತ್ತದೆ. ಇಪ್ಪತ್ತು ಕಿಲೋ ಹಣ್ಣಿಗೆ ನಮಗೆ ಹದಿನೈದು ಕಿಲೋದಷ್ಟು ತಿರುಳು ಸಿಗುತ್ತದೆ. ತಿರುಳಿನ ಕಿಲೋಗೆ 75 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, 50 ಗ್ರಾಂ ಈರುಳ್ಳಿ, 10 ಗ್ರಾಂ ಶುಂಠಿ, 5 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಮೆಣಸಿನ ಪುಡಿ, ಸ್ವಲ್ಪ ಚಕ್ಕೆ, ಲವಂಗ, ಏಲಕ್ಕಿ, ಕರಿಮೆಣಸು, 25 ಮಿಲಿ ವಿನೆಗರ್. ಮಸಾಲೆಯನ್ನೆಲ್ಲ ಜಜ್ಜಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ತಿರುಳಿನಲ್ಲಿ ಬಿಡಬೇಕು, ಆಗಾಗ ಸೌಟಿನಿಂದ ಒತ್ತಬೇಕು. ಸಕ್ಕರೆ ಮೊದಲು ಮೂರನೇ ಒಂದು ಭಾಗ ಮಾತ್ರ. ಎಲ್ಲವನ್ನೂ ಮೊದಲೇ ಸುರಿದರೆ ಬಣ್ಣ ಕಂದು ತಿರುಗುತ್ತದೆ. ತಿರುಳು ಮೂರನೇ ಒಂದು ಭಾಗಕ್ಕೆ ಇಳಿಯುತ್ತ ಬಂದಾಗ ಗಂಟು ಹಿಂಡಿ ತೆಗೆದು, ಉಳಿದ ಸಕ್ಕರೆ, ಉಪ್ಪು, ವಿನೆಗರ್ ಹಾಕಬೇಕು. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ, ಸುತ್ತ ನೀರು ಬಿಡದಿದ್ದರೆ ಹದ ಬಂತು. ವರ್ಷವಿಡೀ ಇಡುವವರು ಸಾಸಿನ ಕಿಲೋಗೆ ಕಾಲು ಗ್ರಾಂ ಸೋಡಿಯಂ ಬೆಂಜೊಯೇಟನ್ನು ಸ್ವಲ್ಪ ನೀರಲ್ಲಿ ಕರಗಿಸಿ ಬೆರೆಸುತ್ತಾರೆ.

ಆಮೇಲಿನದೇ ಮುಖ್ಯ. ಬಾಟಲಿಗಳು ಕುದಿಯುವ ನೀರಿನಲ್ಲಿ ಮಿಂದು ಬಿಸಿಯಾಗಿಯೇ ಇರಬೇಕು, ಸಾಸೂ ಕುದಿ ಬಿಸಿಯಲ್ಲೇ ಒಳಗೆ ಹೋಗಬೇಕು. ಮೇಲೆ ಒಂದಂಗುಲದಷ್ಟು ಜಾಗ ಬಿಟ್ಟು ಮುಚ್ಚಳ ಹಾಕಿ, ಅಡಿಗೆ ಬಟ್ಟೆ ಹಾಸಿದ ದೊಡ್ಡ ಪಾತ್ರೆಯಲ್ಲಿ ನಿಲ್ಲಿಸಿ, ಕತ್ತಿನ ತನಕ ನೀರು ತುಂಬಿ ಅರ್ಧ ಗಂಟೆ ಕುದಿಸಬೇಕು. ಬಾಟಲಿ ಎಷ್ಟು ವರ್ಷವಾದರೂ ಆದೀತು, ಮುಚ್ಚಳ ಮಾತ್ರ ಪ್ರತಿ ಸಲ ಹೊಸದು. ಒಳಗಿನ ಮೆತ್ತೆ ಒಮ್ಮೆ ಒತ್ತಿಸಿಕೊಂಡರೆ ಮತ್ತೆ ಗಾಳಿ ತಡೆಯುವುದಿಲ್ಲ. ವಿನೆಗರ್ ಕಡಿಮೆ ಮಾಡಬಾರದೇಕೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಗಾಳಿಯಿಲ್ಲದ ಡಬ್ಬಿಯಲ್ಲಿ ವಿಷ ಮಾಡುವ ಬಾಟುಲಿನಮ್ ಎಂಬ ಸೂಕ್ಷ್ಮಜೀವಿ ಹುಳಿ ಸಾಕಷ್ಟಿದ್ದರೆ, ಅಂದರೆ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಬೆಳೆಯುವುದಿಲ್ಲ. ಟೊಮೆಟೊ ಆ ಗೆರೆಯ ಹತ್ತಿರವೇ ಇರುವ ಹಣ್ಣು. ಈಗಿನ ಕೆಲವು ತಳಿಗಳಲ್ಲಿ ಹುಳಿ ಇನ್ನೂ ಕಡಿಮೆ.

ಅದಿರಲಿ. 1995ರ ಯುಗಾದಿಗೆ ಊರಿಗೆ ಹೋದಾಗ ಎರಡು ಬಾಟಲಿ ಸಾಸ್ ಒಯ್ದೆ. ಅಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದು ಯಾವಾಗ ಮಾಡಿದ್ದು?" ಎಂದರು. ಹೋದ ವರ್ಷದ್ದು ಎಂದೆ. ಅವರು ನಂಬಲಿಲ್ಲ. ಟೊಮೆಟೊ ಒಂದು ವರ್ಷ ಇರುವುದೆಂದರೆ ಅವರಿಗೆ ಅದು ಕಟ್ಟುಕಥೆ. ತಮ್ಮ ಮಾತಾಡಲಿಲ್ಲ. ಎರಡು ದೋಸೆ ಅದರಲ್ಲೇ ತಿಂದು, ಬಾಟಲಿಯ ತಳದಲ್ಲಿದ್ದುದನ್ನು ಬೆರಳು ಹಾಕಿ ತೆಗೆದ.

ಮರುವರ್ಷ, 1996ರಲ್ಲಿ, ಅವನಿಂದ ಇನ್‌ಲ್ಯಾಂಡ್ ಪತ್ರ ಬಂತು. ಅವನು ಪತ್ರ ಬರೆಯುವವನೇ ಅಲ್ಲ. ರೇಟು ಬಿದ್ದು ಒಂದು ತೋಟ ಪೂರ್ತಿ ಗಿಡದಲ್ಲೇ ಬಿಟ್ಟಿದ್ದ. ಸಣ್ಣದೊಂದು ಸಾಸಿನ ಘಟಕ ಹಾಕಬಹುದಾ, ಶೆಡ್ಡು, ಬಾಯ್ಲರು, ತಿರುಳು ತೆಗೆಯುವ ಯಂತ್ರ ಎಲ್ಲ ಸೇರಿ ನಾಲ್ಕು ಲಕ್ಷ ಅಂತಾರೆ, ಸಾಲಕ್ಕೆ ಮಾರ್ಜಿನ್ ಹಣ ಒಂದು ಲಕ್ಷ ಬೇಕಂತೆ ಎಂದು ಬರೆದಿದ್ದ. ಕೊನೆಯಲ್ಲಿ ಒಂದು ಸಾಲು: "ನೀನು ಜತೆಗಿದ್ದರೆ ಆಗುತ್ತಣ್ಣ."

ನಾನು ಆಗ ಸಾಲ ವಿಭಾಗದಲ್ಲಿದ್ದೆ. ದಿನಕ್ಕೆ ಇಂಥ ನಾಲ್ಕು ಪ್ರಾಜೆಕ್ಟ್ ರಿಪೋರ್ಟ್ ನೋಡಿ, ಮೂರಕ್ಕೆ ಪ್ರಶ್ನೆ ಹಾಕಿ ವಾಪಸು ಕಳಿಸುವವನು. ಅವನಿಗೂ ಎರಡು ಪುಟದ ಉತ್ತರ ಬರೆದೆ. ಹಣ್ಣು ಅಗ್ಗವಾಗುವುದು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, ಉಳಿದ ಎಂಟು ತಿಂಗಳು ಯಂತ್ರ ಖಾಲಿ ನಿಲ್ಲುತ್ತದೆ. ಬಡ್ಡಿ ಶೇಕಡ 16ರ ಮೇಲೆ, ಅದು ಹನ್ನೆರಡು ತಿಂಗಳೂ ಓಡುತ್ತದೆ. ದೂರದ ಮಾರುಕಟ್ಟೆಗೆಂದು ಬೆಳೆಸುವ ದಪ್ಪ ಸಿಪ್ಪೆಯ ಹಣ್ಣಿನಲ್ಲಿ ಸಾಸಿಗೆ ಬೇಕಾದ ಗಟ್ಟಿ ಅಂಶ ಕಡಿಮೆ. ಹಣ್ಣು ಉತ್ಪನ್ನಗಳ ಆದೇಶದ ಪ್ರಕಾರ ಎಫ್‌ಪಿಒ ಲೈಸೆನ್ಸ್ ಬೇಕು. ಬಾಟಲಿಗೆ, ಸಕ್ಕರೆಗೆ ದುಡಿಮೆ ಬಂಡವಾಳ ಬೇಕು. ದೊಡ್ಡ ಕಂಪನಿಗಳ ಎದುರು ಅಂಗಡಿಯವನು ನಿನ್ನ ಬಾಟಲಿ ಯಾಕೆ ಇಡುತ್ತಾನೆ? ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂದು ಮುಗಿಸಿದೆ. ನನ್ನ ಹೆಸರಿನಲ್ಲಿ ಒಂದು ಲಕ್ಷ ಇತ್ತೋ ಇಲ್ಲವೋ ಎಂಬುದನ್ನು ಬರೆಯಲಿಲ್ಲ. ಇತ್ತು. ವರ್ತಕ ನಗರದ ಈ ಮನೆ ಕೊಳ್ಳಲು ಕೂಡಿಸಿಟ್ಟಿದ್ದೆ.

ಇವತ್ತು ಆ ಪತ್ರ ಕೈಗೆ ಸಿಕ್ಕರೂ ಒಂದು ಅಂಕಿಯನ್ನೂ ನಾನು ತಿದ್ದಬೇಕಾಗಿಲ್ಲ. ನನಗೆ ಇಷ್ಟು ವರ್ಷ ಚುಚ್ಚಿದ್ದೂ ಅದೇ. ಲೆಕ್ಕ ತಪ್ಪಾಗಿದ್ದರೆ ಕ್ಷಮೆ ಕೇಳಬಹುದಿತ್ತು.

ತಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಊರಿಗೆ ಸಾಸ್ ಒಯ್ಯಲಿಲ್ಲ. ಪ್ರತಿ ಫೆಬ್ರವರಿ ಇಲ್ಲಿ ಮಾಡುತ್ತಿದ್ದೆವು, ಮಾಟುಂಗದಲ್ಲಿದ್ದ ಸ್ನೇಹಿತರಿಗೆ, ಡೊಂಬಿವಲಿಯ ನಾದಿನಿಗೆ, ಶಾಖೆಯವರಿಗೆ ಹಂಚುತ್ತಿದ್ದೆವು. ಊರಿಗೆ ಹೋಗುವಾಗ ಚಿಕ್ಕಿ, ಭಾಕರವಡಿ ಒಯ್ಯುತ್ತಿದ್ದೆ. 2001ರಲ್ಲಿ ಅಪ್ಪ ಹೋದರು. ಕಾಕು ಹೋದರು, ಅವರ ಕೈಯಂತ್ರ ನಮಗೆ ಬಂತು, ಅದೂ ಕೆಟ್ಟು ತಿರುಪು ಮುಚ್ಚಳಕ್ಕೆ ಬದಲಾದೆವು. 2018ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ 'ಆಪರೇಷನ್ ಗ್ರೀನ್ಸ್' ಎಂದು ಟಿವಿಯಲ್ಲಿ ಕೇಳಿದಾಗ ಹೆಂಡತಿ ನನ್ನ ಮುಖ ನೋಡಿದಳು. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಕೋಲಾರದ ರೈತರು ಟೊಮೆಟೊವನ್ನು ರಸ್ತೆ ಬದಿಗೆ ಸುರಿದ ಚಿತ್ರ ಬಂತು. ಫೋನ್ ಮಾಡಿದೆ. "ಕೀಳೋ ಕೂಲಿ ಗಿಟ್ಟಲ್ಲಣ್ಣ, ನಾನು ಕೀಳ್ಲೇ ಇಲ್ಲ" ಎಂದ. 2023ರ ಜುಲೈಯಲ್ಲಿ ಅದೇ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ದಾಟಿತು. ಮತ್ತೆ ಫೋನ್ ಮಾಡಿದೆ. ಆ ಸಲ ಅವನು ಟೊಮೆಟೊ ಹಾಕಿರಲಿಲ್ಲ.

2024ರ ಫೆಬ್ರವರಿಯಲ್ಲಿ ಡೊಂಬಿವಲಿಯ ಒಂದು ಮದುವೆಗೆಂದು ತಮ್ಮ ಬಂದ. ನಾನು ಮೂವತ್ತಮೂರು ವರ್ಷ ಇದ್ದ ಈ ಮನೆಗೆ ಅವನು ಬಂದದ್ದು ಅದು ಮೂರನೆಯ ಸಲ. ಸಾಸಿನ ಭಾನುವಾರ ಅವನು ಇಲ್ಲೇ ಇದ್ದ. ಮುಂದಕ್ಕೆ ಹಾಕೋಣವೇ ಎಂದು ಹೆಂಡತಿಯನ್ನು ಗುಟ್ಟಾಗಿ ಕೇಳಿದೆ. "ಯಾಕೆ?" ಎಂದಳು. ಯಾಕೆಂದು ಅವಳಿಗೆ ಗೊತ್ತಿತ್ತು.

ಕ್ರೇಟು ಇಳಿಸಿದೊಡನೆ ತಮ್ಮ ಒಂದು ಹಣ್ಣು ತೆಗೆದು ತೊಟ್ಟಿನ ಜಾಗ ಮೂಸಿದ. "ದೋರೆಗಾಯಲ್ಲೇ ಕಿತ್ತಿದ್ದು. ಲಾರೀಲಿ ಕೆಂಪಾಗಿದೆ, ಹಣ್ಣಾಗಿಲ್ಲ" ಎಂದ. ಮೂವತ್ತು ವರ್ಷ ಸಾಸ್ ಮಾಡಿದ ನನಗೆ ಇದು ತಿಳಿದಿರಲಿಲ್ಲ. ಕೆಂಪಾಗುವುದೂ ಹಣ್ಣಾಗುವುದೂ ಒಂದೇ ಎಂದುಕೊಂಡಿದ್ದೆ. ಅವನು ಮಣೆ ಎಳೆದುಕೊಂಡು ಕೂತು, ನಾವಿಬ್ಬರೂ ಸೇರಿ ಎರಡು ಗಂಟೆಯಲ್ಲಿ ಹೆಚ್ಚುವುದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದ. ಹೆಂಡತಿ ಬಾಟಲಿ ಕುದಿಸಲು ಇಟ್ಟಳು. ನಾನು ಸೌಟು ಹಿಡಿದೆ. ಅವನು ಪಕ್ಕದಲ್ಲಿ ನಿಂತು ತಿರುಳು ಇಳಿಯುವುದನ್ನೇ ನೋಡುತ್ತಿದ್ದ.

ತಡೆಯಲಾಗಲಿಲ್ಲ. "ಅವತ್ತು ನಾನು ದುಡ್ಡು ಕೊಡಬೇಕಾಗಿತ್ತು ಕಣೋ" ಎಂದೆ.

"ಯಾವತ್ತು?" ಎಂದ. ಆಮೇಲೆ ನೆನಪಾಯಿತು. "ಓ, ಅದಾ. ಕೊಟ್ಟಿದ್ರೆ ಮುಳುಗ್ತಿತ್ತು ಬಿಡು. ನಮ್ಮ ಕಡೆ ಒಬ್ಬ ಹಾಕ್ದ, ಮೂರೇ ವರ್ಷಕ್ಕೆ ಶೆಡ್ಡು ಮಾರ್ದ. ನಿನ್ನ ಲೆಕ್ಕ ಸರೀಗೇ ಇತ್ತು."

ನನಗೆ ಸಮಾಧಾನವಾಗಬೇಕಿತ್ತು. ಅಷ್ಟರಲ್ಲಿ ಅವನೇ, ಒಲೆಯ ಕಡೆ ನೋಡುತ್ತಲೇ, ಮುಂದುವರಿಸಿದ: "ಅಪ್ಪನಿಗೆ ನೀನು ವರ್ಗ ಮಾಡಿಸ್ಕೊಂಡು ಕೋಲಾರಕ್ಕೋ ಬೆಂಗ್ಳೂರಿಗೋ ಬರ್ತೀಯ ಅಂತ ಆಸೆ. ಬಾಯಿಬಿಟ್ಟು ಕೇಳೋರಲ್ಲ. ಲೆಕ್ಕ ಬಲ್ಲೋನು ಒಬ್ಬ ಬೇಕು ಅಂತ ಏನಾದ್ರೂ ಶುರು ಮಾಡಿದ್ರೆ ಬರ್ತೀಯೇನೋ ಅಂತ ನಾನು ಬರ್ದೆ."

"ಹಾಗಂತ ಬರೀಬೇಕಿತ್ತಲ್ಲೋ."

"ಬರ್ದಿದ್ನಲ್ಲಣ್ಣ. ನೀನು ಜತೆಗಿದ್ರೆ ಅಂತ."

ಆ ಸಾಲು ನನಗೆ ಬಾಯಿಪಾಠವಾಗಿತ್ತು. ಆದರೆ ಇಪ್ಪತ್ತೆಂಟು ವರ್ಷ ಅದನ್ನು ನಾನು ಬ್ಯಾಂಕಿನವನ ಕಣ್ಣಲ್ಲೇ ಓದಿದ್ದೆ. ಜತೆಗಿರುವುದೆಂದರೆ ಜಾಮೀನು, ಜತೆಗಿರುವುದೆಂದರೆ ಮಾರ್ಜಿನ್ ಹಣ. ಏನು ಹೇಳಬೇಕೆಂದು ತೋಚಲಿಲ್ಲ. "ಸೌಟು ಬಿಡಬೇಡಿ, ತಳ ಹತ್ತುತ್ತೆ" ಎಂದು ಹೆಂಡತಿ ಎಚ್ಚರಿಸಿದಳು. ತಮ್ಮ ನನ್ನ ಕೈಯಿಂದ ಸೌಟು ತೆಗೆದುಕೊಂಡು ತಾನೇ ತಿರುವತೊಡಗಿದ.

ಅಂದು ಒಂಬತ್ತು ಬಾಟಲಿ ಆಯಿತು, ಒಂದೊಂದರಲ್ಲಿ 650 ಗ್ರಾಂ. ಅಭ್ಯಾಸಬಲದಿಂದ ನಾನು ಪ್ರತಿ ವರ್ಷ ಖರ್ಚು ಬರೆದಿಡುತ್ತೇನೆ: ಹಣ್ಣು 320, ಸಕ್ಕರೆ 50, ವಿನೆಗರ್ 40, ಈರುಳ್ಳಿ ಮಸಾಲೆ 130, ಗ್ಯಾಸು 120, ಮುಚ್ಚಳ 60. ಒಟ್ಟು 720, ಬಾಟಲಿಗೆ 80 ರೂಪಾಯಿ. ತಮ್ಮ ಕನ್ನಡಕ ಏರಿಸಿ ಪುಸ್ತಕ ನೋಡಿ, "ಕೂಲಿ ಎಲ್ಲಿ?" ಎಂದ. ಮನೆಯವರೇ ಅಲ್ಲವಾ ಎಂದೆ. "ನಾವೂ ಹಂಗೇ ಬಿಡ್ತೀವಿ. ಅದಕ್ಕೇ ಲಾಭ ಬಂದಂಗೆ ಕಾಣ್ಸುತ್ತೆ" ಎಂದು ನಕ್ಕ. ಮೂವತ್ತೇಳು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದವನ ಲೆಕ್ಕದಲ್ಲಿ ತಪ್ಪು ಸಿಕ್ಕಿತು.

ಮೂರು ಬಾಟಲಿಯನ್ನು ಪಂಚೆಯಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿ, ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿದೆ. 1995ರ ಆಮೇಲೆ ಊರಿಗೆ ಹೋದ ನಮ್ಮ ಮೊದಲ ಸಾಸ್ ಅದು.

ಮೊನ್ನೆ ಅವನ ಫೋನು. ಸಾಸ್ ಎಂದೋ ಮುಗಿದಿದೆ, ಅಂಗಡಿಯದರಷ್ಟು ಸಿಹಿ ಇಲ್ಲ ಎಂದು ಮೊಮ್ಮಕ್ಕಳು ಮೂಗು ಮುರಿದವಂತೆ, ಆದರೂ ಬಿಡಲಿಲ್ಲವಂತೆ. "ಬಾಟ್ಲು ತೊಳ್ದು ಇಟ್ಟಿದೀವಿ. ಈ ಸಲ ಒಂದು ಸಾಲು ಗಿಡದಲ್ಲೇ ಪೂರ್ತಿ ಹಣ್ಣಾಗೋಕೆ ಬಿಡ್ತೀನಿ. ಮುಚ್ಚಳ ಇಲ್ಲಿ ಸಿಗಲ್ಲ, ಬರೋವಾಗ ನೀನೇ ತಗೊಂಡು ಬಾ" ಎಂದ. ಯಾವಾಗ ಬರುತ್ತೀಯ ಎಂದು ಕೇಳಲಿಲ್ಲ. ಅಪ್ಪನ ಹಾಗೆಯೇ.

ಮರುದಿನವೇ ಹೋಗಿ ಐವತ್ತು ಮುಚ್ಚಳ ತಂದೆ. ಮೂರು ಬಾಟಲಿಗೆ ಐವತ್ತು ಮುಚ್ಚಳ ಯಾಕೆ ಎಂದು ಹೆಂಡತಿ ಕೇಳಿದಳು. ಅಲ್ಲಿ ಹಣ್ಣು ಜಾಸ್ತಿ, ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ ಎಂದೆ. ಹಾಗಾದರೆ ವಾಪಸು ಬರುವ ಟಿಕೆಟ್ ಈಗಲೇ ತೆಗೆಯಬೇಡಿ ಎಂದಳು.